ಖಾಲಿ ಕುರ್ಚಿ ಯಾವುದು? ಕೋಲಾರದ ಒಂದು ಕ್ವಾರ್ಟೆಟ್‌ನ ಪ್ರಕರಣ

ಮೊದಲೇ ಹೇಳಿಬಿಡುತ್ತೇನೆ, ನನಗೆ ಯಾವ ವಾದ್ಯವೂ ಬರುವುದಿಲ್ಲ. ಈ ತಂಡದಲ್ಲಿ ನನ್ನ ಕೆಲಸ ಎರಡೇ. ಲೆಕ್ಕದ ಪುಸ್ತಕ ಇಡುವುದು, ಓಮ್ನಿ ಓಡಿಸುವುದು. ಚೆಲ್ಲೊ ಅನ್ನೋದು ತುಂಬಿದ ಬಸ್ಸಿನಲ್ಲಿ ಹೋಗುವ ವಾದ್ಯ ಅಲ್ಲ, ಆಟೋದಲ್ಲಿ ಹಾಕಿದರೆ ಪಕ್ಕದಲ್ಲಿ ಮನುಷ್ಯ ಕೂರೋಕೆ ಜಾಗ ಇರಲ್ಲ, ಹಾಗಾಗಿ ಓಮ್ನಿ ಇದ್ದ ನಾನು ತಂಡಕ್ಕೆ ಬೇಕಾದೆ.

ತುಮಕೂರಿನಿಂದ, ಚಿಕ್ಕಬಳ್ಳಾಪುರದಿಂದ ಆಗಾಗ ಫೋನ್ ಬರುತ್ತದೆ. ಎಲ್ಲರದೂ ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಸಾರ್, ನಮ್ಮ ತಂಡದಲ್ಲಿ ಒಬ್ಬರು ಬಿಟ್ಟು ಹೋಗ್ತಿದ್ದಾರೆ, ಏನು ಮಾಡೋದು?" ಪ್ರತಿ ಸಲ ಇದೇ ಕಥೆ ಹೇಳಿ ಸಾಕಾಗಿ ಈಗ ಬರೆದಿಡುತ್ತಿದ್ದೇನೆ. ಯಾರ ಹೆಸರೂ ಇಲ್ಲ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. ಬರೆದದ್ದನ್ನು ಎಲ್ಲರಿಗೂ ಓದಿ ಹೇಳಿದೆ, ಒಬ್ಬರು ಮಾತ್ರ ಒಂದು ಸಾಲು ತೆಗೆಸಿದರು.

ಹಿನ್ನೆಲೆ

ಗೊತ್ತಿಲ್ಲದವರಿಗೆ: ಸ್ಟ್ರಿಂಗ್ ಕ್ವಾರ್ಟೆಟ್ ಅಂದರೆ ಎರಡು ಪಿಟೀಲು, ಒಂದು ವಯೋಲಾ, ಒಂದು ಚೆಲ್ಲೊ. ವಯೋಲಾ ನೋಡೋಕೆ ಪಿಟೀಲಿನ ಹಾಗೇ ಇರುತ್ತದೆ, ಸ್ವಲ್ಪ ದೊಡ್ಡದು, ಶ್ರುತಿ ಒಂದು ಪಂಚಮ ಕೆಳಗೆ. ಚೆಲ್ಲೊ ಅದಕ್ಕಿಂತ ಒಂದು ಸ್ಥಾಯಿ ಕೆಳಗೆ. ಕೋಲು ಹಿಡಿದು ಎದುರು ನಿಲ್ಲುವ ಕಂಡಕ್ಟರ್ ಇಲ್ಲ. ನಾಲ್ಕು ಜನ ಒಬ್ಬರನ್ನೊಬ್ಬರು ನೋಡಿಕೊಂಡೇ ನುಡಿಸಬೇಕು. ಹದಿನೆಂಟನೇ ಶತಮಾನದಲ್ಲಿ ಹೈಡನ್ ಇದಕ್ಕೊಂದು ಆಕಾರ ಕೊಟ್ಟ, ಮೊಜಾರ್ಟ್ ಬೆಳೆಸಿದ, ಬೀಥೋವನ್ ಹದಿನಾರು ಬರೆದ.

ಇದು ಕೋಲಾರಕ್ಕೆ ಎಲ್ಲಿಂದ ಬಂತು ಅಂತ ಕೇಳುವವರು ಕೆಜಿಎಫ್ ಮರೆತಿರುತ್ತಾರೆ. 1880ರ ದಶಕದಿಂದ ಅಲ್ಲಿ ಇಂಗ್ಲಿಷ್ ಕಂಪನಿ ಚಿನ್ನ ತೆಗೆಯಿತು, ಜೊತೆಗೆ ಚರ್ಚು, ಕ್ಲಬ್ಬು, ಬ್ಯಾಂಡು ಎಲ್ಲ ಬಂದವು. 2001ರಲ್ಲಿ ಗಣಿ ಮುಚ್ಚಿತು. ಕೆಲವು ಮನೆಗಳಲ್ಲಿ ವಾದ್ಯಗಳು ಉಳಿದವು. ನಮ್ಮ ಚೆಲ್ಲೊದವರು ಅಂಥ ಮನೆಯವರು. ತಂದೆ ಗಣಿಯಲ್ಲಿದ್ದರು, ಇವರು ಚರ್ಚಿನಲ್ಲಿ ಕಲಿತರು, ಕಾರ್ಖಾನೆ ಕೆಲಸದಿಂದ ನಿವೃತ್ತರಾದ ಮೇಲೆ ಮತ್ತೆ ಚೆಲ್ಲೊ ಹಿಡಿದರು. ಎಲ್ಲರೂ ಅವರನ್ನು ಅಂಕಲ್ ಅನ್ನುತ್ತೇವೆ.

ಮೊದಲ ಪಿಟೀಲು ಬಂಗಾರಪೇಟೆಯ ಒಬ್ಬ ಮೇಡಂ. ಶಾಲೆಯಲ್ಲಿ ಸಂಗೀತ ಟೀಚರು. ಬೆಂಗಳೂರಿಗೆ ವಾರಕ್ಕೆರಡು ಸಲ ಟ್ರೇನಿನಲ್ಲಿ ಹೋಗಿ ಪಾಶ್ಚಾತ್ಯ ಪಿಟೀಲು ಕಲಿತು ಗ್ರೇಡ್ ಪರೀಕ್ಷೆಗಳನ್ನೆಲ್ಲ ಮುಗಿಸಿದವರು. ವಯೋಲಾ ಹಿಡಿದವನು ಕೆಜಿಎಫ್‌ನ ಒಬ್ಬ ಹುಡುಗ, ಅಂಕಲ್ ಅವನನ್ನು ತಂಬಿ ಅಂತ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಎರಡನೇ ಪಿಟೀಲು ನನ್ನ ಭಾವ, ಅಕ್ಕನ ಗಂಡ. ಭಾವ ಅಪ್ಪಟ ಕರ್ನಾಟಕ ಸಂಗೀತದವರು. ಹರಿಕಥೆಗೆ, ದೇವಸ್ಥಾನದ ಕಛೇರಿಗಳಿಗೆ ಪಕ್ಕವಾದ್ಯ. ಕೈವಾರದಲ್ಲಿ ಗುರುಪೂರ್ಣಿಮೆಗೆ ಹಗಲೂ ರಾತ್ರಿ ನಡೆಯುವ ಸಂಗೀತೋತ್ಸವಕ್ಕೆ ತಪ್ಪದೆ ಹೋಗುತ್ತಾರೆ. ನಲವತ್ತು ದಾಟಿದ ಮೇಲೆ ಸ್ಟಾಫ್ ನೋಟೇಷನ್, ಅಂದರೆ ಐದು ಗೆರೆಯ ಮೇಲೆ ಬರೆಯುವ ಪಾಶ್ಚಾತ್ಯ ಸ್ವರಲಿಪಿ, ಕಲಿತರು, ಅದೂ ಹಟಕ್ಕೆ.

ಭಾನುವಾರ ಮಧ್ಯಾಹ್ನ ಮೇಡಂ ಮನೆಯಲ್ಲಿ ಅಭ್ಯಾಸ. ಮುಗಿದ ಮೇಲೆ ಬಂಗಾರಪೇಟೆಯ ಬಿಳಿ ನೀರಿನ ಪಾನಿಪುರಿ. ಮೊದಲ ಮೂರು ವರ್ಷ ಬಹಳ ಚೆನ್ನಾಗಿತ್ತು.

ಆ ದಿನಗಳ ಒಂದು ಮಧ್ಯಾಹ್ನ ಹೇಳಲೇಬೇಕು, ಮುಂದೆ ಅದು ಕೆಲಸಕ್ಕೆ ಬರುತ್ತದೆ. ಒಂದು ನಿಧಾನದ ಭಾಗದಲ್ಲಿ ನಾಲ್ವರೂ ಸೇರಿ ಒಂದೇ ಕಾರ್ಡ್, ಅಂದರೆ ಬೇರೆ ಬೇರೆ ಸ್ವರಗಳನ್ನು ಒಟ್ಟಿಗೆ, ಎಳೆಯಬೇಕಿತ್ತು. ಅಂಕಲ್‌ದು ಷಡ್ಜ, ತಂಬಿಯದು ಪಂಚಮ, ಮೇಡಂದು ಮೇಲಿನ ಷಡ್ಜ, ಭಾವನದು ಗಾಂಧಾರ. ಎಷ್ಟು ಸಲ ಎಳೆದರೂ ಮೇಡಂ ಮುಖ ಸಿಂಡರಿಸುತ್ತಿದ್ದರು.

"ಮೇಷ್ಟ್ರೇ, ಸ್ವಲ್ಪ ಇಳಿದಿದೆ."

"ಅಂತರ ಗಾಂಧಾರ ಇರೋದೇ ಇಲ್ಲಿ ಮೇಡಂ."

ಮೇಡಂ ಎದ್ದು ಹೋಗಿ ಕೀಬೋರ್ಡಿನಲ್ಲಿ ಒತ್ತಿ ತೋರಿಸಿದರು. ನಿಜ, ಭಾವನದು ಕೆಳಗಿತ್ತು. ಆಗ ಅಂಕಲ್ ಕಮಾನು ಕೆಳಗಿಟ್ಟು "ಮೇಡಂ, ಆ ಕೀಬೋರ್ಡ್ ಆಫ್ ಮಾಡಿ, ಇನ್ನೊಂದ್ಸಲ ಎಳೆಯೋಣ" ಅಂದರು. ಎಳೆದರು. ಈ ಸಲ ಮೇಡಂ ಭಾವನ ಕಡೆ ಕಿವಿ ಕೊಟ್ಟರು. ಸಂಗೀತ ಗೊತ್ತಿಲ್ಲದ ನನಗೂ ಗೊತ್ತಾಯಿತು, ಕೋಣೆಯಲ್ಲಿ ಐದನೇ ವಾದ್ಯ ಒಂದು ಇದ್ದ ಹಾಗೆ ಕೇಳಿಸಿತು. ಮೇಡಂ ಏನೂ ಹೇಳಲಿಲ್ಲ, ಪುಟ ತಿರುಗಿಸಿದರು.

ಆಮೇಲೆ ಅಂಕಲ್ ನನಗೆ ಬಿಡಿಸಿ ಹೇಳಿದರು. ಕೀಬೋರ್ಡಿನಲ್ಲಿ ಹನ್ನೆರಡು ಸ್ವರಗಳನ್ನೂ ಸಮವಾಗಿ ಹಂಚಿರುತ್ತಾರೆ. ಒಂದು ಅರೆಸ್ವರವನ್ನು ನೂರು ಭಾಗ ಮಾಡಿದರೆ, ಅದರ ಗಾಂಧಾರ ಸಹಜವಾದ ಗಾಂಧಾರಕ್ಕಿಂತ ಸುಮಾರು 14 ಭಾಗ ಏರಿರುತ್ತದೆ. ತಂಬೂರಿಯ ಮಂದ್ರ ತಂತಿ ಮೀಟಿದಾಗ ತಾನಾಗಿ ಕೇಳಿಸುತ್ತದಲ್ಲ ಗಾಂಧಾರ, ಸ್ವಯಂಭೂ ಅನ್ನುತ್ತಾರೆ, ಅದು ಸಹಜವಾದದ್ದು. ಒಳ್ಳೆಯ ಕ್ವಾರ್ಟೆಟ್‌ನವರು ನಿಧಾನದ ಕಾರ್ಡುಗಳಲ್ಲಿ ಹುಡುಕುವುದೂ ಅದನ್ನೇ. ಭಾವ ಮೂವತ್ತು ವರ್ಷ ತಂಬೂರಿ ಎದುರು ಕೂತವರು, ಅವರಿಗೆ ಹುಡುಕುವ ಅಗತ್ಯವೇ ಇರಲಿಲ್ಲ.

ಭಾವನ ತೊಂದರೆ ಬೇರೆ ಇತ್ತು. ಪ್ರತಿ ಸ್ವರಕ್ಕೂ ಕೆಳಗಿನಿಂದ ಜಾರಿಕೊಂಡು ಬರುವ ಅಭ್ಯಾಸ. ನೆಲದ ಮೇಲೆ ಕೂತು ಪಿಟೀಲಿನ ತುದಿಯನ್ನು ಪಾದಕ್ಕೆ ಆನಿಸಿ ನುಡಿಸಿದ ಕೈ ಅದು, ಕುರ್ಚಿ ಮೇಲೆ ಕೂತರೂ ಜಾರುತ್ತಿತ್ತು. ಅದರ ಮೇಲೆ ಒಂದೇ ಪಿಟೀಲು. ಶನಿವಾರ ಕಛೇರಿಗೆ ತಂತಿಗಳಿಗೆ ಸ-ಪ-ಸ-ಪ ಶ್ರುತಿ, ಭಾನುವಾರ ಇಲ್ಲಿಗೆ ಪಾಶ್ಚಾತ್ಯ ಶ್ರುತಿ. ಬಿರಡೆ ತಿರುಗಿಸಿ ತಿರುಗಿಸಿ ತಂತಿ ಕಡಿಯುತ್ತಿತ್ತು. ಇದನ್ನೂ ನೆನಪಿಟ್ಟುಕೊಳ್ಳಿ.

ದುಡ್ಡು, ಮತ್ತೆ ಟ್ರ್ಯಾಕ್ ಜಗಳ

ನಾಲ್ಕನೇ ವರ್ಷದಿಂದ ಮದುವೆ ರಿಸೆಪ್ಷನ್‌ಗಳು ಬರೋಕೆ ಶುರುವಾದವು. ಕೋಲಾರ, ಮಾಲೂರು, ಹೊಸಕೋಟೆ, ವೈಟ್‌ಫೀಲ್ಡ್. ಹಳೇ ಸಿನಿಮಾ ಹಾಡುಗಳನ್ನು ತಂಬಿ ನಾಲ್ಕು ವಾದ್ಯಕ್ಕೆ ಹೊಂದಿಸಿ ಬರೆಯುತ್ತಿದ್ದ. ಜನಕ್ಕೆ ಇಷ್ಟವಾಯಿತು. ಒಂದು ಸಂಜೆಗೆ 20 ಸಾವಿರ, ಸೀಸನ್ನಿನಲ್ಲಿ 25 ಸಾವಿರ.

ದುಡ್ಡು ಬಂದ ಮೇಲೆ ಮಾತು ಬಂತು. ಇವೆಂಟ್‌ನವರ ಹತ್ತಿರ ಮೇಡಂ ನಂಬರ್ ಇತ್ತು, ಅವರೇ ದುಡ್ಡು ಇಸಿದುಕೊಂಡು ಖರ್ಚು ಕಳೆದು ಹಂಚುತ್ತಿದ್ದರು. ಅವರು ಒಂದು ರೂಪಾಯಿ ಆಚೀಚೆ ಮಾಡಿದವರಲ್ಲ, ಆದರೂ ಭಾವ ಮನೆಗೆ ಬಂದು ಅಕ್ಕನ ಹತ್ತಿರ ಗೊಣಗುವುದು, ಅಕ್ಕ ನನ್ನ ಹತ್ತಿರ ಹೇಳುವುದು. ಅಂಕಲ್‌ಗೆ ಇನ್ನೊಂದು ಕಷ್ಟ. ಚೆಲ್ಲೊ ತಂತಿಗೆ ಪಿಟೀಲು ತಂತಿಯ ಹಲವು ಪಟ್ಟು ಬೆಲೆ, ಪಾಲು ಮಾತ್ರ ಸಮ. ಅವರು ಬಾಯಿಬಿಟ್ಟು ಕೇಳಲಿಲ್ಲ. ಹಳೇ ತಂತಿಯಲ್ಲೇ ನುಡಿಸುತ್ತಿದ್ದರು.

ಆಗ ಲೆಕ್ಕದ ಪುಸ್ತಕ ನನ್ನ ಕೈಗೆ ಬಂತು. ಮೊದಲ ಪುಟದಲ್ಲಿ ಮೂರು ಸಾಲು ಬರೆದು ನಾಲ್ವರ ಸಹಿ ಹಾಕಿಸಿದೆ. ಬಂದ ದುಡ್ಡು ಐದು ಪಾಲು. ನಾಲ್ಕು ನಾಲ್ವರಿಗೆ, ಐದನೇದು ತಂಡಕ್ಕೆ: ತಂತಿ, ಪೆಟ್ರೋಲ್, ರಿಪೇರಿ, ವಾದ್ಯ. ಎರಡನೇದು, ಯಾವ ವಿಷಯಕ್ಕಾದರೂ ಎರಡು-ಎರಡು ಮತ ಬಂದರೆ ಆ ಕಾರ್ಯಕ್ರಮ ಬೇಡ. ಮೂರನೇದು, ನಾಲ್ವರೂ ಇಲ್ಲದೆ ತಂಡದ ಹೆಸರಿನಲ್ಲಿ ಯಾರೂ ಹೋಗುವಂತಿಲ್ಲ.

ಮೂರನೇದು ಆರು ತಿಂಗಳಿಗೇ ಮುರಿಯಿತು. ಒಂದು ದೊಡ್ಡ ರಿಸೆಪ್ಷನ್. ಅಲ್ಲಿ ಹೋದ ಮೇಲೆ ಇವೆಂಟ್‌ನವರು ಹೇಳಿದ್ದು, ಸ್ಪೀಕರಿನಲ್ಲಿ ಟ್ರ್ಯಾಕ್ ಹಾಕ್ತೀವಿ, ಪಿಟೀಲು ಮೇಲೆ ಸೇರಿಸಿ ನುಡಿಸಿ, ಚೆಲ್ಲೊ ನೋಡೋಕೆ ಚೆನ್ನಾಗಿರುತ್ತೆ, "ಅಂಕಲ್ ಸುಮ್ನೆ ಕೈ ಆಡಿಸಲಿ ಸಾಕು." ಅಂಕಲ್ ಒಂದು ಮಾತಾಡಲಿಲ್ಲ. ಕಮಾನು ಸಡಿಲ ಮಾಡಿದರು, ರಾಳದ ಪುಡಿ ಒರೆಸಿದರು, ಪೆಟ್ಟಿಗೆ ಮುಚ್ಚಿದರು, ಹೋಗಿ ಓಮ್ನಿಯಲ್ಲಿ ಕೂತರು. ಉಳಿದ ಮೂವರು ನುಡಿಸಿದರು. ಮದುವೆ ಮನೆ, ಅಡ್ವಾನ್ಸ್ ತಗೊಂಡಾಗಿದೆ, ಏನು ಮಾಡೋದು ಅಂತ ಅವರ ವಾದ. ನಾನು ಅವತ್ತು ಅಂಕಲ್ ಜೊತೆ ಎರಡು ಗಂಟೆ ಗಾಡಿಯಲ್ಲಿ ಕೂತಿದ್ದೆ. ಒಳಗಿನಿಂದ ಟ್ರ್ಯಾಕಿನ ಡ್ರಮ್ ಕೇಳಿಸುತ್ತಿತ್ತು, ಪಿಟೀಲು ಕೇಳಿಸುತ್ತಿರಲಿಲ್ಲ.

ಎರಡು ತಿಂಗಳು ಅಭ್ಯಾಸ ನಿಂತಿತು. ಮತ್ತೆ ಸೇರಿದ್ದು ಐದನೇ ಪಾಲಿನ ಕಾರಣಕ್ಕೆ ಅಂದರೆ ನಗಬೇಡಿ. ಅದರಲ್ಲಿ ದುಡ್ಡು ಉಳಿದಿತ್ತು, ನಾಲ್ವರದೂ ದುಡ್ಡು, ಏನು ಮಾಡೋದು ಅಂತ ತೀರ್ಮಾನಿಸೋಕೆ ನಾಲ್ವರೂ ಕೂರಲೇಬೇಕಾಯಿತು. ಕೂತಾಗ ತಂಬಿಗೆ ಒಳ್ಳೆಯ ವಯೋಲಾ ತೆಗೆಸಿಕೊಡೋಣ ಅಂತಾಯಿತು. ಅಲ್ಲಿವರೆಗೂ ಅವನು ಪಿಟೀಲಿಗೇ ವಯೋಲಾ ತಂತಿ ಕಟ್ಟಿ ನುಡಿಸುತ್ತಿದ್ದ. ಪೆಟ್ಟಿಗೆ ಚಿಕ್ಕದು, ಕೆಳಗಿನ ತಂತಿಗೆ ಗುಂಗೇ ಇರುತ್ತಿರಲಿಲ್ಲ. ಬೆಂಗಳೂರಿನಲ್ಲಿ ಹಳೇದೊಂದು ವಯೋಲಾ ಸಿಕ್ಕಿತು. ರಸೀತಿ ತಂಡದ ಹೆಸರಿಗೆ. ಇನ್ನು ಮುಂದೆ ಟ್ರ್ಯಾಕ್ ಕೇಳಿದರೆ ಯಾರೂ ಹೋಗುವುದಿಲ್ಲ ಅಂತ ನಾಲ್ಕನೇ ಸಾಲೂ ಅವತ್ತೇ ಸೇರಿತು. ಭಾವನೇ ಬರೆದರು.

ತಂಬಿ ಹೋದ

ಕೊರೊನಾ ಕಾಲದಲ್ಲಿ ಎಲ್ಲರ ಹಾಗೆ ನಮ್ಮದೂ ನಿಂತಿತ್ತು. ಮುಗಿದ ಮೇಲೆ ತಂಬಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು, ರಾತ್ರಿ ಪಾಳಿ, ಭಾನುವಾರವೂ ಬಿಡುವಿಲ್ಲ. ಅವನ ಮನೆ ಪರಿಸ್ಥಿತಿ ನಮಗೆ ಗೊತ್ತಿತ್ತು, ಬೇಡ ಅನ್ನುವ ಹಾಗಿರಲಿಲ್ಲ. ವಯೋಲಾ ತಂದು ನನ್ನ ಮನೆಯಲ್ಲಿಟ್ಟು "ಅಣ್ಣಾ, ಇದು ತಂಡದ್ದಲ್ವಾ" ಅಂದ. ಬೀರುವಿನ ಮೇಲೆ ಇಟ್ಟೆ.

ಇಲ್ಲಿಂದ ಹದಿನಾಲ್ಕು ತಿಂಗಳು ನಾವು ಮಾಡಿದ್ದು ಒಂದೇ ಕೆಲಸ, ವಯೋಲಾ ನುಡಿಸುವವರನ್ನು ಹುಡುಕುವುದು. ಕೋಲಾರ ಜಿಲ್ಲೆಯಲ್ಲಿ ಒಬ್ಬರೂ ಸಿಗಲಿಲ್ಲ. ಬೆಂಗಳೂರಿನಲ್ಲಿ ಇದ್ದಾರೆ, ಆದರೆ ಬಹಳ ಜನ ಇಲ್ಲ, ಇರುವವರಿಗೆ ಕೈತುಂಬ ಕೆಲಸ. ಭಾನುವಾರ ಬಂಗಾರಪೇಟೆಗೆ ಟ್ರೇನ್ ಹತ್ತಿ ಬನ್ನಿ ಅಂದರೆ ಯಾಕೆ ಬರುತ್ತಾರೆ? ಹಾಗಾಗಿ ಕಾರ್ಯಕ್ರಮ ಇದ್ದಾಗ ಮಾತ್ರ ಯಾರನ್ನಾದರೂ ಕರೆಸುವುದು ಶುರುವಾಯಿತು. ಸಂಭಾವನೆ, ಕ್ಯಾಬು, ಊಟ ಎಲ್ಲ ಸೇರಿ ಅವರ ಪಾಲು ನಮ್ಮವರ ಪಾಲಿಗಿಂತ ಜಾಸ್ತಿಯಾಗುತ್ತಿತ್ತು. ಬಂದವರೆಲ್ಲ ಚೆನ್ನಾಗಿ ನುಡಿಸುವವರೇ. ಮದುವೆ ಹಾಡುಗಳಿಗೆ ಏನೂ ತೊಂದರೆ ಆಗಲಿಲ್ಲ.

ತೊಂದರೆ ಆಗಿದ್ದು ಒಂದು ಕಾಲೇಜಿನ ಸಭಾಂಗಣದಲ್ಲಿ. ಅಪರೂಪಕ್ಕೆ ಪೂರ್ತಿ ಶಾಸ್ತ್ರೀಯ ಕಾರ್ಯಕ್ರಮ. ಕೊನೆಗೆ ಹೈಡನ್ 1781ರಲ್ಲಿ ಬರೆದದ್ದು, ಓಪಸ್ 33ರ ಎರಡನೇದು. ಅದಕ್ಕೆ ಜೋಕ್ ಅಂತಲೇ ಹೆಸರು. ಕೊನೆಯಲ್ಲಿ ಹೈಡನ್ ಕೇಳುವವರ ಜೊತೆ ಆಟ ಆಡುತ್ತಾನೆ. ರಾಗ ಬರುತ್ತದೆ, ನಿಲ್ಲುತ್ತದೆ, ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಮತ್ತೆ ಒಂದು ತುಂಡು, ಮತ್ತೆ ಮೌನ. ಹೀಗೆ ನಾಲ್ಕು ತುಂಡು. ಆಮೇಲೆ ಇನ್ನೂ ಉದ್ದದ ಮೌನ. ಜನ ಚಪ್ಪಾಳೆಗೆ ಕೈ ಎತ್ತಿರುತ್ತಾರೆ, ಆಗ ಬಹಳ ಮೆತ್ತಗೆ ಮೊದಲನೇ ತುಂಡನ್ನೇ ಮತ್ತೊಮ್ಮೆ ನುಡಿಸಿ ಸುಮ್ಮನಾಗಿಬಿಡುವುದು. ನಮ್ಮವರಿಗೆ ಇದು ಬಹಳ ಇಷ್ಟದ್ದು, ತಂಬಿ ಇದ್ದಾಗ ಎಷ್ಟೋ ಸಲ ನುಡಿಸಿದ್ದರು.

ಅವತ್ತು ಬಂದಿದ್ದ ಹುಡುಗ ಒಂದು ಗಂಟೆ ಮುಂಚೆ ಬಂದು ಅಭ್ಯಾಸ ಮಾಡಿಕೊಂಡಿದ್ದ. ಕೊನೆಯ ಉದ್ದದ ಮೌನ ಬಂತು. ಸಭೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನಿಲ್ಲ. ಆಗ ವಯೋಲಾ ಒಂದೇ, ಎರಡು ಸ್ವರ ನುಡಿಸಿ ಗಕ್ಕನೆ ನಿಂತಿತು. ಉಳಿದ ಮೂರು ಕಮಾನು ಗಾಳಿಯಲ್ಲೇ ಇದ್ದವು. ಯಾರೋ ನಕ್ಕರು, ಯಾರೋ ಚಪ್ಪಾಳೆ ಹೊಡೆದರು, ಎಲ್ಲರೂ ಹೊಡೆದರು. ಕೊನೆಯ ತುಂಡು ನುಡಿಸಲೇ ಇಲ್ಲ. ಪ್ರಿನ್ಸಿಪಾಲರು ಬಂದು ಶಾಲು ಹೊದಿಸಿದರು. ಕೇಳಿದವರಿಗೆ ಏನೂ ಗೊತ್ತಾಗಲಿಲ್ಲ.

ವಾಪಸ್ ಬರುವಾಗ ನರಸಾಪುರದ ಹತ್ತಿರ ಟೀಗೆ ನಿಲ್ಲಿಸಿದೆ. ಅಲ್ಲಿವರೆಗೆ ಗಾಡಿಯಲ್ಲಿ ಯಾರೂ ಉಸಿರೆತ್ತಿರಲಿಲ್ಲ. ಭಾವ ಟೀ ಗ್ಲಾಸ್ ಹಿಡಿದು, "ಬಾಡಿಗೆಗೆ ಬಂದವರು ಹೀಗೇ" ಅಂದರು. ಅಂಕಲ್ ತಲೆ ಅಲ್ಲಾಡಿಸಿದರು.

"ಇಲ್ಲ ಸಾರ್. ಆ ಹುಡುಗ ಸರಿಯಾಗೇ ಎಣಿಸಿದ. ಪುಸ್ತಕದಲ್ಲಿ ಎಷ್ಟಿದೆಯೋ ಅಷ್ಟಕ್ಕೇ ಬಂದ. ನಾವು ಮೂರು ಜನ ತಡ."

ನಿಜ ಏನಂದರೆ ನಮ್ಮವರು ಆ ಮೌನವನ್ನು ಎಣಿಸುತ್ತಲೇ ಇರಲಿಲ್ಲ. ಮೊದಮೊದಲು ಎಣಿಸುತ್ತಿದ್ದರು. ವರ್ಷಗಳ ಮೇಲೆ ಅಂಕಲ್ ಉಸಿರು ತಗೊಳ್ಳುವುದನ್ನು ನೋಡಿ ಎತ್ತುವುದು ರೂಢಿಯಾಗಿತ್ತು, ಅದು ಪುಸ್ತಕದಲ್ಲಿರುವುದಕ್ಕಿಂತ ಒಂದಿಷ್ಟು ಉದ್ದ. ತಮಗೇ ಗೊತ್ತಿಲ್ಲದ್ದನ್ನು ಹೊಸಬನಿಗೆ ಹೇಗೆ ಹೇಳಿಕೊಡುತ್ತಾರೆ?

ನನ್ನ ಪ್ರಕಾರ ತಿರುವು ಬಂದಿದ್ದು ಆ ಟೀ ಅಂಗಡಿಯಲ್ಲಿ. ಅಂಕಲ್ ಅಲ್ಲೇ ಒಂದು ಹಳೇ ಕಥೆ ಹೇಳಿದರು. ಅಮಡೇಯಸ್ ಅಂತ ಲಂಡನ್ನಿನ ಹೆಸರುವಾಸಿ ಕ್ವಾರ್ಟೆಟ್. ಅದರ ಮೂವರು ಹಿಟ್ಲರನಿಂದ ತಪ್ಪಿಸಿಕೊಂಡು ವಿಯೆನ್ನಾದಿಂದ ಬಂದವರು, ಯುದ್ಧದ ಸಮಯದಲ್ಲಿ ಶತ್ರುದೇಶದವರು ಅಂತ ಇಂಗ್ಲೆಂಡ್ ಸರ್ಕಾರ ಅವರನ್ನು ಶಿಬಿರಗಳಲ್ಲಿ ಕೂಡಿಹಾಕಿತ್ತು, ಪರಿಚಯ ಬೆಳೆದದ್ದು ಆ ದಿನಗಳಲ್ಲಿ. ಮೂವರೂ ಪಿಟೀಲಿನವರು. ಕ್ವಾರ್ಟೆಟ್‌ಗೆ ಎರಡು ಪಿಟೀಲು ಸಾಕು. ಹಾಗಾಗಿ ಪೀಟರ್ ಶಿಡ್ಲಾಫ್ ಅನ್ನುವವರು ಪಿಟೀಲು ಬಿಟ್ಟು ವಯೋಲಾ ಹಿಡಿದರು. ಚೆಲ್ಲೊಗೆ ಲಂಡನ್ನಿನವರೊಬ್ಬರು ಸೇರಿದರು. 1947ರಿಂದ 1987ರವರೆಗೆ ಅದೇ ನಾಲ್ಕು ಜನ. 1987ರಲ್ಲಿ ಶಿಡ್ಲಾಫ್ ತೀರಿಕೊಂಡರು. ಉಳಿದ ಮೂವರು ಬೇರೆಯವರನ್ನು ತರಲಿಲ್ಲ, ತಂಡವನ್ನೇ ನಿಲ್ಲಿಸಿದರು.

"ನಾವು ವಯೋಲಾ ಹುಡುಕೋದು ನಿಲ್ಲಿಸೋಣ" ಅಂದರು ಅಂಕಲ್. "ಪಿಟೀಲು ಹುಡುಕೋಣ. ಪಿಟೀಲು ಊರಿಗೆ ಹತ್ತು ಜನ ಸಿಗ್ತಾರೆ."

ಯಾರನ್ನು ಉದ್ದೇಶಿಸಿ ಹೇಳಿದರು ಅಂತ ಎಲ್ಲರಿಗೂ ಗೊತ್ತಾಯಿತು. ಭಾವ ಹೈವೇ ಕಡೆ ನೋಡುತ್ತಾ ಟೀ ಕುಡಿದರು, ಮಾತಾಡಲಿಲ್ಲ.

ಭಾವ ಯಾಕೆ ತಡ ಮಾಡಿದರು

ಇದನ್ನು ಭಾವನೇ ಬರಿ ಅಂದಿದ್ದಾರೆ. ಹದಿನಾಲ್ಕು ತಿಂಗಳಲ್ಲಿ ಈ ಯೋಚನೆ ಅವರಿಗೆ ಬಂದಿರಲಿಲ್ಲ ಅಂತೇನಿಲ್ಲ. ಮೊದಲ ವಾರವೇ ಬಂದಿತ್ತಂತೆ. ಆದರೆ ಕಛೇರಿಯಲ್ಲಿ ಜೀವನಪೂರ್ತಿ ಪಕ್ಕವಾದ್ಯ, ಇಲ್ಲಿ ಬಂದರೆ ಎರಡನೇ ಪಿಟೀಲು, ಅಲ್ಲಿಂದಲೂ ಇಳಿದು ವಯೋಲಾ ಅಂದರೆ "ಪಕ್ಕವಾದ್ಯಕ್ಕೂ ಪಕ್ಕವಾದ್ಯ ಆಗ್ಲಾ?" ಅಂತ ಅನ್ನಿಸಿತ್ತು. ಅಕ್ಕ ಕೂಡ ಅದನ್ನೇ ಅಂದಳು: "ಆ ಚಿಕ್ಕ ಹುಡುಗ ಬಿಟ್ಟುಹೋದ ಜಾಗಕ್ಕೆ ನೀವು ಹೋಗಿ ಕೂರ್ತೀರಾ?" ಅಕ್ಕನ ತಪ್ಪಲ್ಲ. ಹೊರಗಿನಿಂದ ನೋಡಿದರೆ ಹಾಗೇ ಕಾಣುತ್ತದೆ.

ಮೊದಲೊಂದು ಸಲ ಮೇಡಂ ಬೇರೆ ದಾರಿ ಹೇಳಿದ್ದರು. ಅಮೆರಿಕದ ಎಮರ್ಸನ್ ಕ್ವಾರ್ಟೆಟ್‌ನಲ್ಲಿ ಇಬ್ಬರು ಪಿಟೀಲಿನವರು ಮೊದಲನೇ ಜಾಗ, ಎರಡನೇ ಜಾಗ ಅದಲುಬದಲು ಮಾಡಿಕೊಳ್ಳುತ್ತಿದ್ದರು, ನಾವೂ ಹಾಗೆ ಮಾಡೋಣ ಮೇಷ್ಟ್ರೇ ಅಂದಿದ್ದರು. ಭಾವ ಒಪ್ಪಲಿಲ್ಲ. ಮೊದಲ ಪಿಟೀಲಿನ ವೇಗದ ಭಾಗಗಳು ತಮಗೆ ಆಗುವುದಿಲ್ಲ ಅಂತ ಅವರಿಗೆ ಗೊತ್ತಿತ್ತು, ಎಲ್ಲರೆದುರು ಹೇಳೋಕೆ ಸಂಕೋಚ.

ಟೀ ಅಂಗಡಿಯಾಗಿ ಮೂರನೇ ದಿನ ರಾತ್ರಿ ಫೋನ್ ಬಂತು. "ಏನಪ್ಪಾ, ಆ ವಯೋಲಾ ಎಲ್ಲಿದೆ?"

"ನಮ್ಮನೇಲೇ ಇದೆ ಭಾವ. ಬೀರು ಮೇಲೆ."

"ಬೆಳಿಗ್ಗೆ ತಂದ್ಕೊಡು. ನಿಮ್ಮಕ್ಕ ಪೂಜೆಗೆ ಕೂತಾಗ ಬಾ."

ಆಮೇಲೆ ಆದದ್ದನ್ನು ನಾವ್ಯಾರೂ ಎಣಿಸಿರಲಿಲ್ಲ. ಪಿಟೀಲಿನಲ್ಲಿ ಹತ್ತು ವರ್ಷ ಬಿಡಲಾಗದ ಜಾರು ವಯೋಲಾದಲ್ಲಿ ತಾನಾಗಿ ಕಡಿಮೆಯಾಯಿತು. ವಾದ್ಯ ದೊಡ್ಡದು, ಬೆರಳಿನ ಅಂತರ ಬೇರೆ, ಹಳೇ ಗಮಕ ಕೈಗೆ ಸಿಗುವುದೇ ಇಲ್ಲ. ಪ್ರತಿ ಸ್ವರವನ್ನೂ ಹೊಸದಾಗಿ ಹುಡುಕಿ ಇಡಬೇಕು. ಎರಡನೇದು, ಶ್ರುತಿ ಬದಲಿಸುವ ಗೋಳು ಹೋಯಿತು. ಪಿಟೀಲು ಕಛೇರಿಗೆ, ವಯೋಲಾ ಇದಕ್ಕೆ. ಮೂರನೇದು ನನಗೆ ಬಹಳ ಇಷ್ಟವಾದದ್ದು. ವಯೋಲಾಗೆ ನೋಟೇಷನ್ ಬೇರೆ ಥರ ಬರೆಯುತ್ತಾರೆ, ಐದು ಗೆರೆಯಲ್ಲಿ ಮಧ್ಯದ ಗೆರೆಯೇ ಸಿ ಅನ್ನುವ ಸ್ವರ. ಚಿಕ್ಕಂದಿನಿಂದ ಪಿಟೀಲು ನೋಟೇಷನ್ ಓದಿದವರಿಗೆ ಇದು ತಲೆನೋವು, ತಂಬಿಗೆ ವರ್ಷ ಹಿಡಿದಿತ್ತು. ಭಾವನಿಗೆ ಹಳೇದೇ ಗಟ್ಟಿಯಾಗಿ ಕೂತಿರಲಿಲ್ಲವಲ್ಲ, "ಮಧ್ಯದ ಗೆರೆ ಷಡ್ಜ, ಇದಕ್ಕಿಂತ ಸುಲಭ ಏನಿದೆ" ಅಂದರು. ತಂಬಿ ರಾತ್ರಿ ಪಾಳಿ ಮಧ್ಯೆ ವಿಡಿಯೋ ಕಾಲ್ ಮಾಡಿ ಹೇಳಿಕೊಡುತ್ತಿದ್ದ. ಅವನು ಊಟದ ಬಿಡುವಿನಲ್ಲಿ, ಇವರು ಮಂಚದ ಮೇಲೆ ಪಂಚೆ ಉಟ್ಟು ಕೂತು.

ನಾಲ್ಕು ತಿಂಗಳು ಬೇಕಾಯಿತು. ಅಷ್ಟು ದಿನ ಒಂದೂ ಕಾರ್ಯಕ್ರಮ ಒಪ್ಪಿಕೊಳ್ಳಲಿಲ್ಲ, ಐದನೇ ಪಾಲು ಖಾಲಿಯಾಗುತ್ತಾ ಬಂತು. ಎರಡನೇ ಪಿಟೀಲು ಸಿಕ್ಕಿದ್ದು ಒಂಬತ್ತೇ ದಿನದಲ್ಲಿ. ಮೇಡಂ ಶಿಷ್ಯೆ, ಪಿಯು ಓದುತ್ತಿದ್ದ ಹುಡುಗಿ.

ಏನಾಯಿತು

ಮುಂದಿನ ವರ್ಷ ಅದೇ ಕಾಲೇಜು ಕರೆಯಿತು. ಮತ್ತೆ ಅದೇ ಹೈಡನ್ ನುಡಿಸುತ್ತೇವೆ ಅಂತ ಭಾವನೇ ಹಟ ಹಿಡಿದರು. ಈ ಸಲ ಉದ್ದದ ಮೌನ ಎಷ್ಟು ಅಂತ ನಾಲ್ವರೂ ಕೂತು ಪೆನ್ಸಿಲಿನಲ್ಲಿ ಬರೆದುಕೊಂಡಿದ್ದರು. ಆ ಮೌನದಲ್ಲಿ ಮುಂದಿನ ಸಾಲಿನ ಒಂದು ಮಗು "ಮುಗೀತಾ?" ಅಂತ ಗಟ್ಟಿಯಾಗಿ ಕೇಳಿತು. ಹುಡುಗಿಗೆ ನಗು ತಡೆಯಲಾಗಲಿಲ್ಲ, ಕಮಾನು ನಡುಗಿತು, ಆದರೂ ನಾಲ್ಕೂ ಒಟ್ಟಿಗೇ ಎತ್ತಿದವು.

ಎಲ್ಲವೂ ಸರಿಹೋಯಿತು ಅಂತಲ್ಲ. ವಯೋಲಾ ಭಾರಕ್ಕೆ ಭಾವನಿಗೆ ಎಡಭುಜ ನೋವು, ಒಂದು ಗಂಟೆಗಿಂತ ಜಾಸ್ತಿ ಅಭ್ಯಾಸ ಆಗುವುದಿಲ್ಲ. ಟ್ರ್ಯಾಕ್ ಬೇಡ ಅಂದಿದ್ದಕ್ಕೆ ಮದುವೆಗಳು ಮೊದಲಿನ ಅರ್ಧಕ್ಕೆ ಇಳಿದಿವೆ. ಹುಡುಗಿಯ ಜಾಗ ಯಾವತ್ತು ಖಾಲಿಯಾಗುತ್ತದೋ ಹೇಳಲಾಗದು. ಸಿಇಟಿ ಬರೆದು ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಸೀಟು ಸಿಕ್ಕಿದರೆ ಹೊರಟಳು.

ಹಿಂತಿರುಗಿ ನೋಡಿದರೆ ನಮ್ಮ ದೊಡ್ಡ ತಪ್ಪು ಪ್ರಶ್ನೆಯಲ್ಲೇ ಇತ್ತು. ತಂಬಿ ಹೋದ, ಅಂದರೆ ತಂಬಿಯಂಥವನು ಬೇಕು ಅಂತ ಹೊರಟೆವು. ಅವನು ಬಿಟ್ಟ ಕುರ್ಚಿ ನಮ್ಮ ಜಿಲ್ಲೆಯಲ್ಲಿ ತುಂಬಲು ಆಗದ ಕುರ್ಚಿ. ಒಳಗಿನವರು ಒಬ್ಬರು ಸರಿದು ಕೂತರೆ ಖಾಲಿಯಾಗುವ ಕುರ್ಚಿ ಬೇರೆಯಾಗುತ್ತದೆ, ಅದನ್ನು ತುಂಬುವುದು ಸುಲಭ. ಇದನ್ನು ಮೊದಲ ತಿಂಗಳೇ ಬಾಯಿಬಿಟ್ಟು ಮಾತಾಡಿದ್ದರೆ ಒಂದು ವರ್ಷ ಉಳಿಯುತ್ತಿತ್ತು. ಮಾತಾಡಲಿಲ್ಲ ಯಾಕೆ? ಮೇಡಂಗೆ ಭಾವನನ್ನು ಕೇಳೋಕೆ ಮುಜುಗರ, ಅಂಕಲ್‌ಗೆ ಟ್ರ್ಯಾಕ್ ಜಗಳದ ನೆನಪು, ನನಗೆ ಅಕ್ಕನ ಭಯ. ಒಬ್ಬರು ಬಿಟ್ಟು ಹೋಗುತ್ತಾರೆ ಅಂತ ಫೋನ್ ಮಾಡುವವರಿಗೆ ನಾನು ಈಗ ತಿರುಗಿ ಕೇಳುವುದು ಇಷ್ಟೇ: ನಿಮ್ಮಲ್ಲಿ ಯಾರು ಸರಿಯಬಹುದು, ಅವರನ್ನು ಯಾರು ಕೇಳಬೇಕು? ಕೇಳುವವರು ಸರಿಯಾದವರಾಗಿರಬೇಕು. ನಾನು ಕೇಳಿದ್ದರೆ ಭಾವ ಬೈದು ಕಳಿಸುತ್ತಿದ್ದರು. ಎಪ್ಪತ್ತರ ಹತ್ತಿರದ ಅಂಕಲ್ ಕೇಳಿದ್ದಕ್ಕೆ ಮೂರು ದಿನ ಯೋಚಿಸಿದರು.

ಇನ್ನೊಂದು, ವಾದ್ಯ ತಂಡದ್ದಾಗಿತ್ತು. ವಯೋಲಾ ತಂಬಿಯ ಸ್ವಂತದ್ದಾಗಿದ್ದರೆ ಅವನ ಜೊತೆಗೇ ಹೋಗುತ್ತಿತ್ತು, ಹೊಸದು ಕೊಳ್ಳುವ ಮಾತೆತ್ತಿದ್ದರೆ ಭಾವ "ಬೇಡ ಬಿಡಿ, ಅಷ್ಟು ದುಡ್ಡು ಯಾಕೆ" ಅಂತ ಅಲ್ಲೇ ಮುಗಿಸುತ್ತಿದ್ದರು. ಹೇಗೂ ಬೀರು ಮೇಲೆ ಧೂಳು ಕುಡಿಯುತ್ತಿದೆ, ಎತ್ತಿ ನೋಡೋಣ ಅನ್ನುವುದಕ್ಕೆ ದೊಡ್ಡ ಮನಸ್ಸು ಬೇಕಿರಲಿಲ್ಲ.

ಹೋದ ತಿಂಗಳು ತಂಬಿಗೆ ಪಾಳಿ ಬದಲಾಯಿತು. ಭಾನುವಾರ ರಜ. ಬಂಗಾರಪೇಟೆಗೆ ಬಂದ, ಭಾವ ವಯೋಲಾ ನುಡಿಸುವುದನ್ನು ಮೂಲೆಯಲ್ಲಿ ಕೂತು ಕೇಳಿದ. ಅಭ್ಯಾಸ ಮುಗಿದ ಮೇಲೆ ಭಾವ ವಯೋಲಾ ಚಾಚಿ "ತಗೊಳಪ್ಪಾ, ನಿನ್ನ ಜಾಗ" ಅಂದರು. ಅವನು ಕೈ ನೀಡಲಿಲ್ಲ. ಆಗ ಅಂಕಲ್ ತಮ್ಮ ಕುರ್ಚಿಯಿಂದ ಎದ್ದು, "ತಂಬಿ, ಇಲ್ಲಿ ಬಾ" ಅಂತ ಅವನನ್ನು ಕೂರಿಸಿ ಚೆಲ್ಲೊ ಎದೆಗೆ ಒರಗಿಸಿದರು. ತಂತಿಗಳು ವಯೋಲಾದವೇ, ಒಂದು ಸ್ಥಾಯಿ ಕೆಳಗೆ. ಮೊದಲ ಸ್ವರ ಎಳೆದಾಗ ಕಿರ್ರ್ ಅಂತು, ಎಲ್ಲರೂ ನಕ್ಕರು.

ಈಗ ಚೆಲ್ಲೊ ವಾರದಲ್ಲಿ ಎರಡು ದಿನ ತಂಬಿ ಮನೆಯಲ್ಲಿರುತ್ತದೆ. ಸಾಗಿಸುವವನು ನಾನೇ. ಪೆಟ್ರೋಲ್ ಐದನೇ ಪಾಲಿನಲ್ಲಿ ಬರೆಯುತ್ತಿದ್ದೇನೆ, ಇಲ್ಲಿವರೆಗೆ ಯಾರೂ ಆಕ್ಷೇಪಣೆ ಮಾಡಿಲ್ಲ.